ಅಳತೆಯಿಲ್ಲದ ನೀರು, ಗುತ್ತಿಗೆಯ ಕರಡು: ನಮ್ಮ ಪಟ್ಟಣದ ನಲ್ಲಿ ನೀರಿನ ಸೇವೆಯ ವಿಮರ್ಶೆ

ಚಿತ್ರದುರ್ಗ ಜಿಲ್ಲೆಯ ಒಂದು ಸಣ್ಣ ಪಟ್ಟಣದಲ್ಲಿ ಹನ್ನೊಂದು ವರ್ಷಗಳಿಂದ ಮನೆ ಮಾಡಿಕೊಂಡಿರುವ ನಾನು ಅಲ್ಲಿನ ನಲ್ಲಿ ನೀರಿನ ಗ್ರಾಹಕ. ಈ ಬರಹ ಆ ಸೇವೆಯ ವಿಮರ್ಶೆ. ಪಟ್ಟಣದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಯಾವುದೋ ಒಂದು ಕಚೇರಿಯನ್ನು ದೂರುವುದು ನನ್ನ ಉದ್ದೇಶವಲ್ಲ. ಈಗಲೇ ಬರೆಯಲು ಕಾರಣವಿದೆ. ನೀರು ಸರಬರಾಜಿನ ನಿರ್ವಹಣೆಯನ್ನು ಹಲವು ವರ್ಷಗಳ ಅವಧಿಗೆ ಖಾಸಗಿ ಸಂಸ್ಥೆಗೆ ವಹಿಸಬೇಕೇ ಅಥವಾ ಈಗಿರುವಂತೆ ತಾನೇ ನಡೆಸಬೇಕೇ ಎಂಬ ವಿಷಯ ನಮ್ಮ ಕೌನ್ಸಿಲ್ ಮುಂದಿದೆ. ಅದೇ ಸಭೆಯ ವಿಷಯಪಟ್ಟಿಯಲ್ಲಿ ಅಡುಗೆ ಅನಿಲದ ಪೈಪು ಮತ್ತು ಕೇಬಲ್ ಹಾಕಲು ರಸ್ತೆ ಅಗೆಯುವ ಅನುಮತಿ ಕೋರಿದ ಅರ್ಜಿಗಳೂ ಇವೆ. ಎರಡು ಸಭೆಗಳಲ್ಲಿ ಚರ್ಚೆಯಾಗಿ ಮುಂದಕ್ಕೆ ಹೋದ ಈ ವಿಷಯದ ಮಾತುಗಳನ್ನು ನಾನು ಹಿಂದಿನ ಸಾಲಿನಲ್ಲಿ ಕೂತು ಕೇಳಿದ್ದೇನೆ. ಯಾರು ನಡೆಸಬೇಕು ಎಂಬುದರ ಮೇಲೆ ಗಂಟೆಗಟ್ಟಲೆ ಮಾತು ನಡೆಯಿತು. ಊರಿನೊಳಕ್ಕೆ ದಿನಕ್ಕೆ ಎಷ್ಟು ನೀರು ಬರುತ್ತದೆ, ಅದರಲ್ಲಿ ಮನೆಗಳಿಗೆ ಎಷ್ಟು ಮುಟ್ಟುತ್ತದೆ ಎಂದು ಹಿರಿಯ ಸದಸ್ಯರೊಬ್ಬರು ಕೇಳಿದಾಗ ಮಾತ್ರ ಯಾರಿಂದಲೂ ಉತ್ತರ ಬರಲಿಲ್ಲ. ಮುಖ್ಯ ಕೊಳವೆಯ ಮೀಟರ್ ಕೆಟ್ಟು ಬಹಳ ದಿನವಾಗಿದೆ ಎಂಬುದಷ್ಟೇ ಗೊತ್ತಾಯಿತು. ಈ ವಿಮರ್ಶೆಯಲ್ಲಿ ನಾನು ಹೇಳಬೇಕಾದದ್ದೆಲ್ಲ ಉತ್ತರ ಸಿಗದ ಆ ಪ್ರಶ್ನೆಗೇ ಸೇರಿದ್ದು.

ಮೊದಲು ಸೇವೆ ಹೇಗಿದೆ ಎಂಬುದನ್ನು ಹೇಳುತ್ತೇನೆ. ನಮ್ಮ ಓಣಿಗೆ ಐದು ದಿನಕ್ಕೊಮ್ಮೆ ನೀರು ಬಿಡುತ್ತಾರೆ. ಸರದಿಯ ದಿನ ಸರಿಯಾಗಿ ತಿಳಿದಿದ್ದರೂ ಹೊತ್ತು ತಿಳಿಯದು. ಒಮ್ಮೆ ಬೆಳಗಿನ ಜಾವ ನಾಲ್ಕಕ್ಕೆ ಬಂದದ್ದು ಮುಂದಿನ ಸರದಿಯಲ್ಲಿ ಮಧ್ಯಾಹ್ನ ಎರಡಕ್ಕೆ ಬರುತ್ತದೆ. ಶಾಲೆಯಲ್ಲಿ ಮೂವತ್ತು ವರ್ಷ ಹಾಜರಿ ಪುಸ್ತಕ ಬರೆದ ಅಭ್ಯಾಸದಿಂದ ಕಳೆದ ಯುಗಾದಿಯಿಂದ ಒಂದು ನೋಟ್‌ಬುಕ್ಕಿನಲ್ಲಿ ನೀರು ಬಂದ ದಿನ, ಬಂದ ಹೊತ್ತು, ನಿಂತ ಹೊತ್ತು ಬರೆದಿಡುತ್ತಿದ್ದೇನೆ. ಹದಿನೈದು ಲೀಟರಿನ ಬಕೆಟ್ಟನ್ನು ನಲ್ಲಿಯ ಕೆಳಗಿಟ್ಟು ಗಡಿಯಾರ ನೋಡಿದಾಗ ಅದು ತುಂಬಲು ನಮ್ಮ ಮನೆಯಲ್ಲಿ ಒಂದು ನಿಮಿಷ ಐವತ್ತು ಸೆಕೆಂಡು ಬೇಕಾಯಿತು. ಸಾಮಾನ್ಯವಾಗಿ ಒಂದೂವರೆ ಗಂಟೆ ಬರುವ ನೀರು ಆ ಲೆಕ್ಕದಲ್ಲಿ ಸುಮಾರು 735 ಲೀಟರ್ ಆಗುತ್ತದೆ. ನಾಲ್ಕು ಜನ ಅದನ್ನು ಐದು ದಿನ ಬಳಸಬೇಕಾದ್ದರಿಂದ ತಲೆಗೆ ದಿನಕ್ಕೆ 37 ಲೀಟರ್ ಕೂಡ ಪೂರ್ತಿ ಬರುವುದಿಲ್ಲ. ಒಳಚರಂಡಿ ಇರುವ ಪಟ್ಟಣಗಳಿಗೆ ತಲಾ 135 ಲೀಟರ್ ಬೇಕೆಂಬುದು ಕೇಂದ್ರ ಸರ್ಕಾರದ ಕೈಪಿಡಿ ಒಪ್ಪಿಕೊಂಡಿರುವ ಅಳತೆ. ಇಳಿಜಾರಿನ ಕೆಳಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಅದೇ ಬಕೆಟ್ಟು ಮೂವತ್ತೈದು ಸೆಕೆಂಡಿಗೆ ತುಂಬಿತು. ಅಂದರೆ ಅದೇ ಒಂದೂವರೆ ಗಂಟೆಯಲ್ಲಿ ಅವನಿಗೆ ನಮ್ಮ ಮೂರರಷ್ಟು ನೀರು ಸಿಗುತ್ತದೆ. ತಿಂಗಳ ನೀರಿನ ಕರ ಮಾತ್ರ ಇಬ್ಬರಿಗೂ ಒಂದೇ.

ಸಂಪು ಇರುವವರಿಗೆ ಈ ಅನಿಶ್ಚಯ ಒಂದು ಮಟ್ಟಿಗೆ ಸಹ್ಯ, ನೀರು ಬಂದಾಗ ತಾನಾಗಿ ತುಂಬಿಕೊಳ್ಳುತ್ತದೆ. ನಮ್ಮ ಹಿಂದಿನ ಬೀದಿಯ ಮನೆಗಳಿಗೆ ಸಂಪು ಕಟ್ಟಿಸಲು ಜಾಗವಿಲ್ಲ. ಅಲ್ಲಿ ಸರದಿಯ ದಿನ ಮನೆಗೊಬ್ಬರು ಕೂಲಿ ಬಿಟ್ಟು ಕಾಯುತ್ತಾರೆ, ಹೆಚ್ಚಾಗಿ ಹೆಂಗಸರು. ಒಂದು ದಿನದ ಕೂಲಿಯನ್ನು ಸೇರಿಸಿ ಲೆಕ್ಕ ಹಾಕಿದರೆ ಆ ಬೀದಿಯವರು ನೀರಿಗೆ ತೆರುವ ಬೆಲೆ ಊರಿನ ಯಾವ ಬಂಗಲೆಯವರಿಗಿಂತಲೂ ಹೆಚ್ಚು. ನಿರ್ವಹಣೆ ಯಾರ ಕೈಗೆ ಹೋದರೂ ಮೊದಲು ನೆಟ್ಟಗಾಗಬೇಕಾದದ್ದು ಇದೆಂದು ನಾನು ನಂಬಿದ್ದೇನೆ: ಪ್ರಮಾಣ ಇಷ್ಟೇ ಇರಲಿ, ಬರುವ ಹೊತ್ತನ್ನು ಹಿಂದಿನ ದಿನವೇ ತಿಳಿಸಬೇಕು ಮತ್ತು ಆ ಹೊತ್ತಿಗೆ ಬರಬೇಕು. ಇದಕ್ಕೆ ಹೊಸ ಪೈಪಾಗಲಿ ಕೋಟಿಗಟ್ಟಲೆ ಅನುದಾನವಾಗಲಿ ಬೇಕಿಲ್ಲ.

ಸೇವೆಯ ಅತ್ಯುತ್ತಮ ಭಾಗ ಯಾವುದೆಂದು ಕೇಳಿದರೆ ನಾನು ನಮ್ಮ ನೀರುಗಂಟಿಯನ್ನು ತೋರಿಸುತ್ತೇನೆ. ಒಂದು ದಿನ ಬೆಳಿಗ್ಗೆ ಅವರ ಹಿಂದೆ ನಡೆದು ಕೆಲಸ ನೋಡಿದೆ. ಎದೆಯೆತ್ತರದ, ಟಿ ಆಕಾರದ ಕಬ್ಬಿಣದ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು ಬಂದ ಅವರು ರಸ್ತೆಯ ಅಂಚಿನ ಕಲ್ಲುಚಪ್ಪಡಿ ಸರಿಸಿ, ಕೆಸರು ತುಂಬಿದ ಗುಂಡಿಯಲ್ಲಿ ಕೈಯಾಡಿಸಿ ವಾಲ್ವಿನ ತಲೆ ಹುಡುಕಿ, ಕೀಲಿ ಕೂರಿಸಿ, ಬಾಯಲ್ಲೇ ಎಣಿಸುತ್ತ ಸುತ್ತತೊಡಗಿದರು. ‘ಮೇಷ್ಟ್ರೇ, ಇದಕ್ಕೆ ಹದಿನಾಲ್ಕು ಸುತ್ತು ಬಿಡಬೇಕು. ಹನ್ನೆರಡಕ್ಕೆ ನಿಲ್ಸಿದ್ರೆ ಗುಡ್ಡದ ಓಣಿಗೆ ಏರಲ್ಲ, ಹದಿನಾರು ಬಿಟ್ರೆ ಕೆಳಗಿನ ಜಾಯಿಂಟ್ ಕಿತ್ಕಂಡು ಹೋಗ್ತದೆ’ ಎಂದರು. ಆಮೇಲೆ ಮಂಡಿಯೂರಿ ಕೀಲಿಯ ತುದಿಗೆ ಕಿವಿಯಿಟ್ಟು ನೀರು ಹರಿಯುವ ಸದ್ದು ಕೇಳಿ, ಸರಿಯೆನಿಸಿದ ಮೇಲೆ ಚಪ್ಪಡಿ ಮುಚ್ಚಿದರು. ಇಂಥ ವಾಲ್ವುಗಳು ಊರಿನಲ್ಲಿ ಎಷ್ಟಿವೆ, ಎಲ್ಲೆಲ್ಲಿ ಹೂತುಹೋಗಿವೆ, ಯಾವುದನ್ನು ಯಾವುದಕ್ಕೆ ಮೊದಲು ತೆರೆಯಬೇಕು ಎಂಬ ನಕ್ಷೆ ಕಚೇರಿಯಲ್ಲಿಲ್ಲ. ಅದು ಇರುವುದು ಇಂಥ ನಾಲ್ಕೈದು ಜನರ ತಲೆಯಲ್ಲಿ. ಅವರಲ್ಲಿ ಇಬ್ಬರು ನಿವೃತ್ತಿಯ ಹತ್ತಿರ ಬಂದಿದ್ದಾರೆ, ಉಳಿದವರು ಹೊರಗುತ್ತಿಗೆಯವರು. ಗುತ್ತಿಗೆಯ ಕರಡಿನಲ್ಲಿ ಪಂಪು, ಪೈಪು, ಟ್ಯಾಂಕು, ವಾಹನ ಎಲ್ಲವನ್ನೂ ಪಟ್ಟಿ ಮಾಡಿದ್ದಾರೆ. ನೀರುಗಂಟಿಗಳ ವಿಷಯದಲ್ಲಿ ‘ಸಿಬ್ಬಂದಿಯನ್ನು ಗುತ್ತಿಗೆದಾರರು ಒದಗಿಸತಕ್ಕದ್ದು’ ಎಂಬ ಒಂದೇ ಸಾಲು ಇದೆ. ಇದು ನನಗೆ ನಿಜವಾಗಿ ನೋವು ತಂದಿತು.

ನೀರಿನ ಗುಣಮಟ್ಟದ ವಿಷಯಕ್ಕೆ ಬಂದರೆ ಐದು ದಿನಕ್ಕೊಮ್ಮೆ ಬಿಡುವ ಪದ್ಧತಿಯ ದೊಡ್ಡ ಅಪಾಯ ಇರುವುದೇ ಇಲ್ಲಿ. ಪೈಪಿನಲ್ಲಿ ಒತ್ತಡದಿಂದ ನೀರು ನಿಂತಿರುವಷ್ಟು ಹೊತ್ತು ಸೋರುವ ಜಾಯಿಂಟಿನಿಂದ ನೀರು ಹೊರಗೆ ಹೋಗುತ್ತದೆಯೇ ಹೊರತು ಹೊರಗಿನದು ಒಳಗೆ ಬರುವುದಿಲ್ಲ. ನೀರು ನಿಲ್ಲಿಸಿದ ಮೇಲೆ ಕೊಳವೆ ಬರಿದಾಗುವಾಗ ಅದು ಒಳಕ್ಕೆ ಎಳೆಯತೊಡಗುತ್ತದೆ, ಪಕ್ಕದಲ್ಲಿ ಚರಂಡಿಯಿದ್ದರೆ ಚರಂಡಿಯ ನೀರನ್ನೇ ಎಳೆಯುತ್ತದೆ. ನಲ್ಲಿಗೆ ನೇರವಾಗಿ ಮೋಟರ್ ಕೂರಿಸುವವರು ಈ ಎಳೆತವನ್ನು ಇನ್ನಷ್ಟು ಹೆಚ್ಚಿಸುತ್ತಾರೆ. ನಾನೂ ಎರಡು ಬೇಸಿಗೆ ಹಾಗೆ ಮೋಟರ್ ಹಾಕಿದ್ದೆ; ಮೇಲಿನ ಮನೆಯವರ ನಲ್ಲಿ ಒಣಗಿದ್ದನ್ನು ಕಣ್ಣಾರೆ ಕಂಡ ಮೇಲೆ ತೆಗೆಸಿದೆ. ಸರದಿಯ ಮೊದಲ ಹತ್ತು ನಿಮಿಷ ಬರುವ ಕಂದು ನೀರನ್ನು ನಮ್ಮಲ್ಲಿ ಎಲ್ಲರೂ ಚೆಲ್ಲುತ್ತಾರೆ, ಆದರೆ ಕಣ್ಣಿಗೆ ತಿಳಿಯಾಗಿ ಕಂಡದ್ದು ಕುಡಿಯಲು ಯೋಗ್ಯವೆಂದು ಹೇಳಲಾಗದು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡರು, ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಆ ವಾರ ಜಿಲ್ಲೆಯ ಪ್ರತಿ ಮನೆಯಲ್ಲೂ ನೀರು ಕುದಿಸಿ ಕುಡಿಯುವ ಮಾತೇ ಮಾತು. ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ಭಾರತೀಯ ಮಾನಕ. ಅದನ್ನು ನೋಡಲು ಒಂದು ಸಣ್ಣ ಬಾಟಲಿ ದ್ರಾವಣ ಸಾಕು. ಎರಡು ಹನಿ ಹಾಕಿದಾಗ ನೀರು ಹಳದಿಗೆ ತಿರುಗಿದರೆ ಕ್ಲೋರಿನ್ ಇದೆಯೆಂದು ಅರ್ಥ. ನಮ್ಮ ಓಣಿಯ ಕೊನೆಯ ಮನೆಯಲ್ಲಿ ನಾನು ನೋಡಿದ ದಿನ ನೀರಿನ ಬಣ್ಣ ಬದಲಾಗಲಿಲ್ಲ. ಟ್ಯಾಂಕಿನ ಬುಡದಲ್ಲಿ ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಹೊಡೆಯುತ್ತಿದ್ದ ದಿನವೂ ಅದೇ ಆಗಿತ್ತು.

ಕುಡಿಯಲು ಈ ನೀರನ್ನು ಬಳಸುವವರು ನಮ್ಮಲ್ಲಿ ಈಗ ಕಡಿಮೆ. ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕಕ್ಕೆ ಎಲ್ಲರೂ ಹೋಗುತ್ತಾರೆ. ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೆಯ ಸಂಕಟ, ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಬೋರ್‌ವೆಲ್ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಮೂಳೆ–ಕೀಲು ಬಿಗಿಯುತ್ತವೆ. ನನ್ನ ತರಗತಿಯ ಮೊದಲ ಬೆಂಚಿನಲ್ಲಿ ಅಂಥ ಹಲ್ಲುಗಳನ್ನು ಮೂವತ್ತು ವರ್ಷ ನೋಡಿದ್ದೇನೆ. ಆದ್ದರಿಂದಲೇ ಜಲಾಶಯದ ನೀರು ನಲ್ಲಿಯಲ್ಲಿ ಬರುವುದು ನಮಗೆ ಬರಿಯ ಅನುಕೂಲದ ವಿಷಯವಾಗಿ ಉಳಿದಿಲ್ಲ. ಬೇಸಿಗೆಯಲ್ಲಿ ಜಲಾಶಯದ ನೀರು ಸಾಲದಾಗ ಬೋರ್‌ವೆಲ್ ನೀರನ್ನು ಅದೇ ಟ್ಯಾಂಕಿಗೆ ಬೆರೆಸುತ್ತಾರೆ. ಬೆರೆಸುವುದು ತಪ್ಪೆಂದು ನಾನು ಹೇಳುವುದಿಲ್ಲ, ಎಷ್ಟು ಬೆರೆಸಿದರು ಎಂಬುದನ್ನು ಬರೆದಿಡದಿರುವುದು ತಪ್ಪು.

ದಾವಣಗೆರೆಯಲ್ಲಿರುವ ಮಗಳ ಮನೆಗೆ ಹೋದಾಗಲೆಲ್ಲ ನನ್ನ ಕಣ್ಣು ಮೊದಲು ಗೇಟಿನ ಪಕ್ಕದ ಮೀಟರಿನ ಮೇಲೆ ಹೋಗುತ್ತದೆ. ಆ ನಗರಕ್ಕೆ ರಾಜನಹಳ್ಳಿಯ ಬಳಿ ತುಂಗಭದ್ರೆಯಿಂದ ಎತ್ತಿದ ನೀರು ಬರುತ್ತದೆ; ಜೊತೆಗೆ ಭದ್ರಾ ನಾಲೆಯಿಂದ ತುಂಬುವ ಕುಂದವಾಡ ಕೆರೆ ಮತ್ತು ಟಿ.ವಿ. ಸ್ಟೇಷನ್ ಕೆರೆಗಳಿವೆ. ಅಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಕೈಗೊಂಡ ‘ಜಲಸಿರಿ’ ಯೋಜನೆಯಲ್ಲಿ ಬಡಾವಣೆಗಳನ್ನು ವಲಯಗಳಾಗಿ ವಿಂಗಡಿಸಿ, ಮನೆಮನೆಗೆ ಮೀಟರ್ ಕೂರಿಸಿ, ದಿನದ 24 ಗಂಟೆಯೂ ನೀರು ಕೊಡುವುದು ಗುರಿ. ಮಗಳ ಮನೆಯಲ್ಲಿ ಮೋಟರ್ ಹಾಕದೆ ಮಹಡಿಯ ಸಿಂಟೆಕ್ಸ್‌ಗೆ ನೀರು ಏರುವುದನ್ನು ಮೊದಲ ಸಲ ನೋಡಿದಾಗ ಸುಮ್ಮನೆ ನಿಂತು ನೋಡಿದ್ದೇನೆ. ಇನ್ನೊಂದು ಬದಲಾವಣೆ ಅಡುಗೆಮನೆಯಲ್ಲಿ ಕಂಡಿತು: ಸಾಲಾಗಿ ನಿಲ್ಲಿಸಿದ ಕೊಡಗಳಿರಲಿಲ್ಲ. ‘ಅಪ್ಪಾಜಿ, ಈಗ ನೀರು ತುಂಬಿಸಿಡೋದೂ ಇಲ್ಲ, ಚೆಲ್ಲೋದೂ ಇಲ್ಲ’ ಎಂದಳು. ಅವಳ ಮಾತಿನಲ್ಲಿ ಬಹಳ ಅರ್ಥವಿದೆ. ನಮ್ಮ ಊರಿನಲ್ಲಿ ಹೊಸ ಸರದಿಯ ನೀರು ಬಂದ ತಕ್ಷಣ ಹಿಂದಿನ ಸರದಿಯ ನೀರನ್ನು ಹಳತೆಂದು ಅಂಗಳಕ್ಕೆ ಚೆಲ್ಲುತ್ತೇವೆ; ಅಭಾವದ ನಡುವೆಯೂ ಇಷ್ಟು ನೀರು ಪೋಲಾಗುವುದು ನಿಂತು ನಿಂತು ಬರುವ ಪೂರೈಕೆಯಿಂದಲೇ.

ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಲಯಗಳಲ್ಲಿ ಇಂಥ ಪ್ರಯೋಗ 2008ರಲ್ಲೇ ಆರಂಭವಾಯಿತು. ಅಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಹೊಸ ಕೊಳವೆ ಹಾಕಿ, ನಿರ್ವಹಣೆಯನ್ನು ಖಾಸಗಿ ಸಂಸ್ಥೆಗೆ ವಹಿಸಿದರು. ಆದರೆ ನೀರಿನ ದರ ನಿಗದಿ ಮಾಡುವ ಅಧಿಕಾರ ಆ ಸಂಸ್ಥೆಗೆ ಇರಲಿಲ್ಲ, ಅದಕ್ಕೆ ಸಿಗುವ ಶುಲ್ಕದ ಒಂದು ಪಾಲು ಮಾಡಿ ತೋರಿಸಿದ ಕೆಲಸವನ್ನು ಅವಲಂಬಿಸಿತ್ತು. ಹುಬ್ಬಳ್ಳಿ–ಧಾರವಾಡದಲ್ಲಿ ನಿರಂತರ ನೀರು ಬರುವ ಮತ್ತು ನಿಂತು ನಿಂತು ಬರುವ ಎರಡೂ ಬಗೆಯ ಬಡಾವಣೆಗಳ ನೀರನ್ನು ಸಂಶೋಧಕರು ಪರೀಕ್ಷಿಸಿ ಹೋಲಿಸಿದಾಗ, ನಿರಂತರ ನೀರು ಬರುವ ನಲ್ಲಿಗಳಲ್ಲಿ ಮಲಿನತೆ ಕಾಣಿಸಿದ್ದು ಕಡಿಮೆ. ಮೈಸೂರಿನಲ್ಲಿ ಬೇರೆಯೇ ಆಯಿತು. ಖಾಸಗಿ ಸಂಸ್ಥೆಗೆ ವಹಿಸಿದ್ದ ಕೆಲಸ ಕೆಲವು ವರ್ಷಗಳಲ್ಲಿ ಪಾಲಿಕೆಯದೇ ನೀರು ಸರಬರಾಜು ವಿಭಾಗವಾದ ವಾಣಿವಿಲಾಸ ವಾಟರ್ ವರ್ಕ್ಸ್ ಕೈಗೇ ಮರಳಿತು. ನಮ್ಮ ಸಭೆಯಲ್ಲಿ ಪರವಾಗಿ ಮಾತಾಡಿದವರು ಹುಬ್ಬಳ್ಳಿಯನ್ನಷ್ಟೇ ನೆನೆದರು, ವಿರೋಧಿಸಿದವರು ಮೈಸೂರನ್ನಷ್ಟೇ. ಹುಬ್ಬಳ್ಳಿಯ ವಲಯಗಳಲ್ಲಿ ಮೊದಲು ಪೈಪು ಬದಲಾಯಿಸಿ, ಮೀಟರ್ ಕೂರಿಸಿ, ಆಮೇಲೆ ಫಲಿತಾಂಶ ಕೇಳಿದರು ಎಂಬ ಮಾತನ್ನು ಯಾರೂ ಎತ್ತಲಿಲ್ಲ. ನಮ್ಮ ಕರಡಿನಲ್ಲಿ ಹಳೆಯ ಪೈಪುಗಳು ಹಾಗೆಯೇ ಉಳಿಯುತ್ತವೆ, ಫಲಿತಾಂಶ ಮಾತ್ರ ಮೊದಲ ವರ್ಷದಿಂದಲೇ ಬರಬೇಕು.

ಇನ್ನು ನೀರಿನ ಮೂಲ. ಜಿಲ್ಲೆಯ ಪಟ್ಟಣಗಳಿಗೆ ಮಾರಿಕಣಿವೆಯ ವಾಣಿವಿಲಾಸ ಸಾಗರ ಎಷ್ಟು ದೊಡ್ಡ ಆಸರೆ ಎಂಬುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. 1907ರಲ್ಲಿ ಕಟ್ಟಿ ಮುಗಿಸಿದ, 130 ಅಡಿಯ, ಸುಮಾರು 30 ಟಿಎಂಸಿ ಹಿಡಿಯುವ ಆ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಹರಿದದ್ದು 89 ವರ್ಷಗಳ ನಂತರ, 2022ರಲ್ಲಿ. ಆಮೇಲೆ 2025ರ ಜನವರಿಯಲ್ಲಿ. ಕೋಡಿ ನೋಡಲು ನಾನೂ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ, ಕಣ್ಣು ತುಂಬಿ ಬಂತು. ಭದ್ರಾ ಮೇಲ್ದಂಡೆ ಯೋಜನೆಯಡಿ ಅದಕ್ಕೆ ನೀರು ಹರಿಯತೊಡಗಿದ ಮೇಲೆ ಅಭಾವದ ಭಯ ಕಡಿಮೆಯಾಗಿರುವುದು ನಿಜ. ಆದರೂ ಹರಿದು ಬರುವ ನೀರು ಮಳೆಯನ್ನೇ ನಂಬಿದೆ, ಮೇಲೆತ್ತಲು ವಿದ್ಯುತ್ ಬೇಕು. ನೀರು ಸರಬರಾಜಿನ ಖರ್ಚಿನಲ್ಲಿ ಪಂಪಿನ ಕರೆಂಟ್ ಬಿಲ್ಲೇ ದೊಡ್ಡ ಪಾಲು. ಬರದ ವರ್ಷದಲ್ಲಿ ಮೂಲವೇ ಬತ್ತಿದರೆ ಗುತ್ತಿಗೆದಾರರಿಗೆ ಕೊಡುವ ಹಣ ಎಷ್ಟು, ವಿದ್ಯುತ್ ದರ ಏರಿದರೆ ಅದರ ಹೊರೆ ಯಾರಿಗೆ ಎಂಬ ಎರಡು ಪ್ರಶ್ನೆಗಳಿಗೆ ಕರಡಿನ ಉತ್ತರ ‘ಪರಸ್ಪರ ಸಮಾಲೋಚನೆಯ ಮೇರೆಗೆ’ ಎಂದಿದೆ. ಇಷ್ಟು ದೊಡ್ಡ ಹೊರೆಯ ಮಾತನ್ನು ಸಮಾಲೋಚನೆಗೆ ಬಿಟ್ಟರೆ ಕೊನೆಗೆ ಅದು ನಮ್ಮ ಕರದ ಮೇಲೇ ಬಂದು ಬೀಳುತ್ತದೆ.

ರಸ್ತೆ ಅಗೆಯುವ ಅರ್ಜಿಗಳನ್ನು ಬೇರೆ ವಿಷಯವೆಂದು ಸಭೆ ಪಕ್ಕಕ್ಕಿಟ್ಟಿತು. ನನ್ನ ಅನುಭವದಲ್ಲಿ ಎರಡೂ ಒಂದೇ. ಕಳೆದ ವರ್ಷ ನಮ್ಮ ಓಣಿಯಲ್ಲಿ ಕೊಳವೆ ಹೂಳಲು ಬಂದ ಒಂದು ಸಂಸ್ಥೆಯ ಯಂತ್ರ ಮೂರು ಮನೆಗಳ ನೀರಿನ ಪೈಪನ್ನು ಕಿತ್ತುಹಾಕಿತು. ಕೆಲಸದ ಹುಡುಗರು ತುಂಡಾದ ತುದಿಗಳಿಗೆ ಸೈಕಲ್ ಟ್ಯೂಬ್ ಬಿಗಿದು, ಮಣ್ಣು ಮುಚ್ಚಿ, ಮೇಲೆ ಕಾಂಕ್ರೀಟ್ ಬಳಿದು ಹೋದರು. ಮುಂದಿನ ಸರದಿಯಲ್ಲಿ ನಮ್ಮ ನಲ್ಲಿಯಿಂದ ಬಂದದ್ದು ಕೆಸರು. ಸಂಸ್ಥೆಯವರು ಕಚೇರಿಯನ್ನು ಕೇಳಿ ಎಂದರು, ಕಚೇರಿಯವರು ಸಂಸ್ಥೆಯನ್ನು ಕೇಳಿ ಎಂದರು. ಕೊನೆಗೆ ಹದಿನೇಳನೆಯ ದಿನ ನಮ್ಮ ನೀರುಗಂಟಿಯೇ ಹಾರೆ ತಂದು ಅಗೆದು ಸರಿಯಾದ ಜಾಯಿಂಟ್ ಕೂರಿಸಿದರು. ಮನೆಗೆ ಅನಿಲ ಕೊಳವೆಯಲ್ಲಿ ಬರುವುದು ಒಳ್ಳೆಯದು, ನಾನೂ ಸಂಪರ್ಕಕ್ಕೆ ಹೆಸರು ಕೊಟ್ಟಿದ್ದೇನೆ. ಆದರೆ ನೆಲದೊಳಗೆ ಏನೇನಿದೆ ಎಂಬ ನಕ್ಷೆಯಿಲ್ಲದೆ ಅಗೆಯಲು ಅನುಮತಿ ಕೊಡುವ ಕೌನ್ಸಿಲ್, ನಾಳೆ ನೀರಿನ ಗುತ್ತಿಗೆದಾರರು ‘ಸೋರಿಕೆ ನಮ್ಮಿಂದಾದದ್ದಲ್ಲ, ಅಗೆದವರಿಂದ ಆದದ್ದು’ ಎಂದರೆ ಯಾವ ದಾಖಲೆ ಹಿಡಿದು ಉತ್ತರಿಸುತ್ತದೆ?

ಕರಡಿನಲ್ಲಿ ಮೆಚ್ಚುವ ಅಂಶಗಳೂ ಇವೆ, ಅವನ್ನು ಬಿಟ್ಟುಬಿಡುವುದು ನ್ಯಾಯವಲ್ಲ. ದೂರು ಕೊಟ್ಟವರಿಗೆ ಸಂಖ್ಯೆ ಕೊಡಬೇಕು, 24 ಗಂಟೆಯೊಳಗೆ ಯಾರಾದರೂ ಬಂದು ನೋಡಬೇಕು ಎಂಬ ಷರತ್ತಿದೆ. ಇಂದು ನಮಗೆ ಅದೂ ಇಲ್ಲ. ಮನೆಮನೆಗೆ ಮೀಟರ್ ಕೂರಿಸುವುದನ್ನು ನಾನು ಪೂರ್ತಿ ಒಪ್ಪುತ್ತೇನೆ, ಆದರೆ ನಿರಂತರ ನೀರು ಬಾರದ ವಲಯದಲ್ಲಿ ಮೀಟರ್ ಓಡಿಸಿ ಬಿಲ್ ಮಾಡುವುದನ್ನು ಒಪ್ಪಲಾರೆ. ಬರಿದಾದ ಕೊಳವೆಗೆ ನೀರು ಬಿಟ್ಟಾಗ ಮೊದಲು ನುಗ್ಗುವುದು ಗಾಳಿ, ಆ ಗಾಳಿಗೂ ಮೀಟರಿನ ಚಕ್ರ ತಿರುಗುತ್ತದೆ. ಗ್ರಾಹಕರು ಗಾಳಿಗೆ ದುಡ್ಡು ಕೊಡಬೇಕಾಗುತ್ತದೆ. ಬೀದಿ ನಲ್ಲಿಗಳ ಬಗ್ಗೆ ಕರಡು ಏನನ್ನೂ ಹೇಳುವುದಿಲ್ಲ. ಹಿಂದಿನ ಬೀದಿಯವರಿಗೆ ಅದೇ ಆಧಾರ. ಅವಧಿ ಮುಗಿದಾಗ ಹನ್ನೆರಡು ತಿಂಗಳ ದಾಖಲೆ, ನಕ್ಷೆ, ಗ್ರಾಹಕರ ಪಟ್ಟಿ ಎಲ್ಲವೂ ಕಚೇರಿಗೆ ಮರಳಬೇಕೆಂಬ ಷರತ್ತು ಕೂಡ ಇಲ್ಲ.

ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದ ನೀರು ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆಹೊಂಡಕ್ಕೆ ಇಳಿಯುವಂತೆ ಮಾಡಿದ್ದಾರೆ. ಬೆಟ್ಟದ ಏರಿಳಿತವನ್ನು ಅಂಗುಲ ಅಂಗುಲವಾಗಿ ತಿಳಿದವರು ಮಾತ್ರ ಹಾಗೆ ಕಟ್ಟಬಲ್ಲರು. ಮೂರನೆಯ ಸಭೆಗೆ ಮುನ್ನ ಮಾಡಬಹುದಾದ ಮತ್ತು ಮಾಡಲೇಬೇಕಾದ ಕೆಲಸವೂ ಅಂಥದೇ: ಮುಖ್ಯ ಕೊಳವೆಗೂ ಪ್ರತಿ ಟ್ಯಾಂಕಿನ ಬಾಯಿಗೂ ಮೀಟರ್ ಕೂರಿಸಿ, ಒಂದು ಮಳೆಗಾಲ ಮತ್ತು ಒಂದು ಬೇಸಿಗೆಯ ಲೆಕ್ಕ ತೆಗೆಯಬೇಕು, ನಿವೃತ್ತರಾಗುವ ಮೊದಲೇ ಆ ಇಬ್ಬರು ನೀರುಗಂಟಿಗಳ ಜೊತೆ ಒಬ್ಬ ಎಂಜಿನಿಯರರನ್ನು ಕಳಿಸಿ ಪ್ರತಿಯೊಂದು ವಾಲ್ವನ್ನು, ಅದರ ಸುತ್ತಿನ ಲೆಕ್ಕವನ್ನು ನಕ್ಷೆಗೆ ಇಳಿಸಬೇಕು. ಆ ಅಂಕಿಗಳು ಕೈಯಲ್ಲಿದ್ದರೆ ಖಾಸಗಿಯವರಿಗೆ ಕೊಟ್ಟರೂ ಕರಾರನ್ನು ಗಟ್ಟಿಯಾಗಿ ಬರೆಯಬಹುದು; ತಾವೇ ನಡೆಸಿದರೂ ಎಲ್ಲಿ ಸೋರುತ್ತಿದೆ ಎಂದು ತಿಳಿಯುತ್ತದೆ. ಅವಿಲ್ಲದೆ ಸಹಿ ಹಾಕಿದರೆ, ಸೇವೆ ಉತ್ತಮವಾಯಿತೋ ಕೆಟ್ಟಿತೋ ಎಂಬುದನ್ನು ಗುತ್ತಿಗೆದಾರರ ಬಾಯಿಂದಲೇ ಕೇಳಬೇಕಾದೀತು.

ಆದ್ದರಿಂದ ಈಗಿರುವ ಸೇವೆಗೆ ಐದಕ್ಕೆ ಎರಡು ಅಂಕ ಕೊಡುತ್ತೇನೆ, ಆ ಎರಡೂ ನೀರುಗಂಟಿಗಳ ದುಡಿಮೆಗೆ ಸಲ್ಲಬೇಕಾದವು. ಮುಂದಿಟ್ಟಿರುವ ಗುತ್ತಿಗೆಯ ಕರಡಿಗೆ ಅಂಕ ಕೊಡುವುದಿಲ್ಲ, ಅದನ್ನು ತಿದ್ದಲು ಇನ್ನೂ ಸಮಯವಿದೆ. ಬಕೆಟ್ಟಿನ ಲೆಕ್ಕವಿರುವ ನನ್ನ ನೋಟ್‌ಬುಕ್ಕಿನ ಪ್ರತಿಯನ್ನು ವಾರ್ಡಿನ ಸದಸ್ಯರಿಗೆ ಕೊಟ್ಟಿದ್ದೇನೆ. ಎತ್ತರದ ಓಣಿಗಳಲ್ಲಿ, ಇಳಿಜಾರಿನ ಬೀದಿಗಳಲ್ಲಿ ಇರುವ ಇನ್ನೂ ಹತ್ತು ಮನೆಯವರು ಇದೇ ರೀತಿ ಬರೆದಿಡಲು ಒಪ್ಪಿದ್ದಾರೆ. ಗುರುವಾರ ನಮ್ಮ ಸರದಿ, ಆ ದಿನದಿಂದ ಎಲ್ಲರ ಲೆಕ್ಕ ಶುರುವಾಗುತ್ತದೆ.